ಅವ್ವನ ಲೈಸೆನ್ಸು ಯಾರ ಹೆಸರಿನಲ್ಲಿತ್ತು

ಮಧ್ಯಾಹ್ನದ ಡಬ್ಬಿ ತೊಳೆದಿಟ್ಟು ಕುರ್ಚಿಗೆ ಬಂದು ಕುಳಿತಿದ್ದೆ, ಮೊಬೈಲಿಗೆ ಚಲನ್ ಬಂತು. ನನ್ನ ಸ್ಕೂಟರು ಊರಿನ ಕ್ಯಾಂಪ್ ಪ್ರದೇಶದಲ್ಲಿ ಒನ್‌ವೇಗೆ ಎದುರಿನಿಂದ ನುಗ್ಗಿದೆಯಂತೆ. ಓಡಿಸುತ್ತಿದ್ದವರ ಬಳಿ ಲೈಸೆನ್ಸು ಇಲ್ಲವಂತೆ. ಲೈಸೆನ್ಸಿಲ್ಲದವರ ಕೈಗೆ ಗಾಡಿ ಕೊಟ್ಟದ್ದಕ್ಕೆ ಮಾಲೀಕನಾದ ನಾನೂ ತಪ್ಪಿತಸ್ಥನಂತೆ. ನಾನೋ ಬೆಳಗಾವಿಯ ಒಂದು ಕಾಲೇಜಿನ ಗ್ರಂಥಪಾಲಕ, ಆ ಹೊತ್ತಿನಲ್ಲಿ ಪುಸ್ತಕಗಳ ಮಧ್ಯೆ ಕುಳಿತವನು. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಬಸ್ಸು ಹತ್ತಿ ಬಂದಿದ್ದೆ. ಯಾರೋ ಕದ್ದರು ಎಂದುಕೊಂಡೆ. ಕದ್ದ ಗಾಡಿಯಲ್ಲಿ ಒನ್‌ವೇಗೆ ನುಗ್ಗುವಂಥ ದಡ್ಡ ಕಳ್ಳನೂ ಇರುತ್ತಾನೆಯೇ ಎಂಬ ಕುತೂಹಲವೂ ಹುಟ್ಟಿತು. ಮನೆಗೆ ಫೋನ್ ಮಾಡಿದೆ. ಅವ್ವ ಎತ್ತಿದಳು.

"ಅವ್ವಾ, ಹೊರಗ ನನ್ನ ಗಾಡಿ ಐತೇನ ನೋಡು."

"ಐತಿ."

"ನೋಡಿ ಹೇಳು. ಕ್ಯಾಂಪಿನಾಗ ಪೊಲೀಸರು ಹಿಡದಾರಂತ ಮೆಸೇಜ್ ಬಂದೈತಿ."

"ಹೂಂ, ಹಿಡದಿದ್ರು. ಆಮ್ಯಾಲ ಬಿಟ್ರು. ಈಗರ ತಂದು ಹಚ್ಚೇನಿ. ಪಾವ್ ತರಾಕ ಹೋಗಿದ್ದೆ."

ಅವ್ವನಿಗೆ ಅರವತ್ತು ದಾಟಿದೆ. ಅವಳು ಗಾಡಿ ಓಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಆದರೆ 'ನಂದೂ ಲೈಸೆನ್ಸ್ ಐತಿ' ಎನ್ನುವ ಮಾತನ್ನು ಮಾತ್ರ ನೂರಾರು ಸಲ ಕೇಳಿದ್ದೇನೆ. ನಾನು ಗುಂಡಿಯಲ್ಲಿ ಗಾಡಿ ಇಳಿಸಿದಾಗ, ಅಪ್ಪ ಗೇರ್ ಹಾಕಲು ತಡಕಾಡಿದಾಗ, ಹಿಂದಿನ ಸೀಟಿನಿಂದ ಆ ಮಾತು ಬರುತ್ತಿತ್ತು. ನಾವು ನಗುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ ಇರಬೇಕು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ನಪಾಸಾದವನಿಗೆ ನಗಲು ಯಾರಾದರೂ ಬೇಕಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಪೂರ್ತಿ ಕತೆ ಹೇಳಿದಳು. ನನ್ನ ಹೆಲ್ಮೆಟ್ಟು ಹಾಕಿಕೊಂಡೇ ಹೋಗಿದ್ದಳಂತೆ. ಆ ರಸ್ತೆ ಮೊದಲು ಎರಡೂ ಕಡೆಗೆ ಇತ್ತಂತೆ, ಈಗ ಒನ್‌ವೇ ಮಾಡಿದವರು ತನಗೆ ಹೇಳಿಲ್ಲವಂತೆ. ಪೊಲೀಸಿನವನು ಒಳ್ಳೆಯ ಹುಡುಗ, ಮೆತ್ತಗೆ ಮಾತಾಡಿದನಂತೆ. "ಲೈಸೆನ್ಸ್ ತೋರಸ್ರಿ ಕಾಕು" ಅಂದದ್ದಕ್ಕೆ ಇವಳು, "ಐತಿ, ಆದ್ರ ಎಲ್ಲೈತಿ ಗೊತ್ತಿಲ್ಲ" ಅಂದಳಂತೆ. "ನಂಬರಾರ ಹೇಳ್ರಿ, ಮಷೀನಿನಾಗ ನೋಡ್ತೇನಿ" ಅಂದನಂತೆ. "ನಂಬರ ನೆನಪಿಲ್ಲಪಾ. ಕ್ಯಾಂಪಿನಾಗ ತಗೊಂಡಿದ್ದೆ, ಅಷ್ಟ ನೆನಪೈತಿ." ಅವನು ಮತ್ತೇನೂ ಕೇಳದೆ ಬರೆದುಕೊಂಡನಂತೆ.

ಅಪ್ಪ ಪೇಪರು ಮಡಚಿಟ್ಟರು. "ಇಷ್ಟ ವರ್ಷ ಮನ್ಯಾಗ ಹೇಳಾಕಿ, ಈಗ ಪೊಲೀಸರ ಮುಂದೂ ಹೇಳಿದ್ಲು ನೋಡು. ಇನ್ನ ಆ ಗಾಡಿ ಮುಟ್ಟೂದ ಬ್ಯಾಡ."

ಅವ್ವ ಪಾವಿನ ಪೊಟ್ಟಣ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಮುಟ್ಟಂಗಿಲ್ಲ. ಲೈಸೆನ್ಸ್ ಸಿಗೂತನಾ ಮುಟ್ಟಂಗಿಲ್ಲ. ಸಿಕ್ಕ ಮ್ಯಾಲ ಯಾರೂ ನನ್ನ ತಡೀಬಾರದು. ಹಿಂದ ಕುಂತ ಕುಂತ ನನಗ ಸಾಕಾಗೇತಿ."

ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಆದರೂ ಆ ದಿನ ನನಗೆ ನಗು ಬರಲಿಲ್ಲ. ಇವಳ ಮಾತು ಖರೆಯೇ ಇದ್ದರೆ ಎಂಬ ಹುಳ ತಲೆಗೆ ಹೊಕ್ಕಿತು.

ಗ್ರಂಥಪಾಲಕನ ತಲೆಗೆ ಹುಳ ಹೊಕ್ಕರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಕಳೆದುಹೋದ ಪುಸ್ತಕ ಎಂಬುದು ಇಲ್ಲ, ತಪ್ಪು ಕಪಾಟಿನಲ್ಲಿಟ್ಟ ಪುಸ್ತಕ ಮಾತ್ರ ಇದೆ ಎಂದು ಹುಡುಗರಿಗೆ ಭಾಷಣ ಬಿಗಿಯುವವನು ನಾನು. ಮೊದಲು ಮನೆಯ ಟ್ರಂಕು ತೆಗೆದೆ. ನನ್ನ ಮಾರ್ಕ್ಸ್ ಕಾರ್ಡುಗಳು ಸಿಕ್ಕವು, ಗಣಿತದ್ದನ್ನು ಬೇಗ ಮುಚ್ಚಿಟ್ಟೆ. ಹಳೆಯ ರೇಷನ್ ಕಾರ್ಡು, ಯಾರದೋ ಜಾತಕ, ಕರೆಂಟಿನ ಬಿಲ್ಲುಗಳು ಸಿಕ್ಕವು. ಲೈಸೆನ್ಸು ಇರಲಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಸರ್ಕಾರದ ತಾಣ ತೆರೆದುಕೊಂಡಿತು, ಲೈಸೆನ್ಸಿನ ನಂಬರು ಹಾಕು ಎಂದಿತು. ನಂಬರು ಹುಡುಕಲು ಹೋದವನನ್ನೇ ನಂಬರು ಕೇಳಿದರೆ ಏನು ಹೇಳುವುದು.

ಉಳಿದದ್ದು ಅವ್ವ ಹೇಳಿದ ಒಂದೇ ಸುಳಿವು, ಕ್ಯಾಂಪ್. ಹೊರಗಿನ ಓದುಗರಿಗೆ ಹೇಳಬೇಕು, ನಮ್ಮೂರಲ್ಲಿ ಕ್ಯಾಂಪ್ ಅಂದರೆ ಮಿಲಿಟರಿಯವರಿರುವ ದಂಡಿನ ಪ್ರದೇಶ. ಹಳೆಯ ಬಂಗಲೆ, ಚರ್ಚು, ದೊಡ್ಡ ಮರಗಳ ನೆರಳು, ಒಳ್ಳೆಯ ಪಾವ್. ಎರಡು ಶನಿವಾರ ಅಲ್ಲಿ ಅಲೆದೆ. "ಮೊದಲ ಇಲ್ಲಿ ಲೈಸೆನ್ಸ್ ಕೊಡೂ ಆಫೀಸ್ ಇತ್ತೇನ್ರಿ?" ಎಂದು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ಬಹಳ ಹೊತ್ತು ವಿಚಾರ ಮಾಡಿ, "ಬಂದೂಕಿಂದೇನ್ರಿ?" ಅಂದರು. ಅಲ್ಲ, ಗಾಡಿಯದ್ದು ಎಂದೆ. ಅವರಿಗೆ ನನ್ನಲ್ಲಿ ಇದ್ದ ಆಸಕ್ತಿ ಅಲ್ಲಿಗೆ ಹೋಯಿತು.

ಕೊನೆಗೆ ಮೊದಲೇ ಹೋಗಬೇಕಾಗಿದ್ದ ಕಡೆಗೆ, ಆರ್‌ಟಿಓ ಕಚೇರಿಗೆ ಹೋದೆ. ಹಳೆಯ ದಾಖಲೆ ನೋಡುವ ಮೇಜಿನ ಹಿಂದೆ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಹೆಣ್ಣುಮಗಳೊಬ್ಬರು ಕುಳಿತಿದ್ದರು, ಕಚೇರಿಯವರೆಲ್ಲ ಅವರನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ನಾನು ಅವ್ವನ ಆಧಾರ್ ಕಾರ್ಡಿನ ಪ್ರತಿ ಕೊಟ್ಟು, ಕ್ಯಾಂಪಿನಲ್ಲಿ ಕೊಟ್ಟ ಲೈಸೆನ್ಸು, ನಲವತ್ತು ವರ್ಷದ ಹಿಂದಿನದು ಎಂದೆ.

"ಯಾವ ಕ್ಯಾಂಪ್ರಿ ಸರ್?"

"ನಮ್ಮ ಕ್ಯಾಂಪ್ರಿ. ಇಲ್ಲೇ."

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಆ ಕ್ಯಾಂಪ್ ಅಲ್ರಿ. ಮೊದಲ ಇಲ್ಲಿಂದ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ತಾಲೂಕಿಗೆ ಹೋಗಿ ಅಲ್ಲೇ ಟೆಸ್ಟ್ ತಗೊಂಡು ಬರತಿದ್ರು. ಅದಕ್ಕ ಕ್ಯಾಂಪ್ ಅಂತಾರ. ನಿಮ್ಮ ಅವ್ವಾರ ತವರಮನಿ ಯಾವೂರು?"

"ಖಾನಾಪುರ."

"ಹಂಗಾರ ಖಾನಾಪುರ ಕ್ಯಾಂಪ್. ಅದರ ರಜಿಸ್ಟರ ಬ್ಯಾರೆ ಐತಿ, ನಾಡದ ಬರ್ರಿ, ತಗಸಿ ಇಟ್ಟಿರತೇನಿ."

ಎರಡು ಶನಿವಾರ ಮರದ ನೆರಳಲ್ಲಿ ಯಾಕೆ ಅಲೆದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ ದಿನ ಹೋದೆ. ರಟ್ಟು ಬಿಟ್ಟುಕೊಂಡ ದಪ್ಪ ರಜಿಸ್ಟರು, ಅಂಚು ಗೆದ್ದಲು ತಿಂದದ್ದು. ನಾಲ್ಕು ವರ್ಷಗಳ ಹಾಳೆಗಳನ್ನು ಸಾಲು ಬಿಡದೆ ಓದಿದೆವು. ಸುಮತಿ ಜಿನ್ನಪ್ಪ ಎನ್ನುವ ಅವ್ವನ ಹೆಸರು ಎಲ್ಲೂ ಇರಲಿಲ್ಲ. ಹೆಣ್ಣುಮಕ್ಕಳ ಹೆಸರು ಇದ್ದದ್ದೇ ಎರಡೋ ಮೂರೋ, ನಾನು ಅವನ್ನು ದಾಟಿ ಸುಮತಿಯನ್ನು ಹುಡುಕುತ್ತ ಹೋದೆ.

ಮನೆಗೆ ಬಂದು ಇಲ್ಲ ಎಂದೆ. ಹೇಳಿರಲಿಲ್ಲವೇ ಎನ್ನುವಂತೆ ಅಪ್ಪ ಖಾಲಿ ಅಂಗೈ ತೋರಿಸಿದರು. ಅವ್ವ ಒಳಗೆ ಹೋದಳು. ನನಗೆ ಬಹಳ ಕೆಟ್ಟದೆನಿಸಿತು. ಅವಳು ಸುಳ್ಳು ಹೇಳಿದಳು ಅಂತಲ್ಲ, ಅವಳ ಮಾತಿಗೆ ಆಧಾರ ಸಿಗಲಿಲ್ಲ ಅಂತ. ಊಟದ ನಂತರ ಅಡುಗೆಮನೆಯಲ್ಲಿ ಹೋಗಿ ಕುಳಿತು, ಹುಟ್ಟಿದಾಗಿನಿಂದ ಕೇಳದಿದ್ದ ಪ್ರಶ್ನೆ ಕೇಳಿದೆ. "ಅವ್ವಾ, ನೀ ಗಾಡಿ ಕಲತದ್ದು ಹ್ಯಾಂಗ?"

ನನ್ನ ಅಜ್ಜ ಖಾನಾಪುರದಲ್ಲಿ ದನದ ಡಾಕ್ಟರು. ರಜೆಗೆ ನಾವು ಪ್ಯಾಸೆಂಜರ್ ರೈಲು ಹತ್ತಿ ಹೋಗುತ್ತಿದ್ದ ಆ ಮನೆ ಡೆಟಾಲು, ಸೆಗಣಿ ಮತ್ತು ಅಜ್ಜಿಯ ಚಕ್ಕುಲಿ ಮೂರೂ ಕೂಡಿದ ವಾಸನೆಯದು. ಹಿತ್ತಲಲ್ಲಿ ಗೋಣಿಚೀಲ ಹೊದ್ದ ಒಂದು ಭಾರೀ ಮೋಟರ್ ಸೈಕಲ್ಲು ಇತ್ತು. ನಾನು ಅದರ ಮೇಲೆ ಹತ್ತಿ ಕುಳಿತು ಬಾಯಲ್ಲಿ ಸದ್ದು ಮಾಡುತ್ತ ಲೋಂಡಾ ದಾಟಿ ಗೋವೆಯವರೆಗೆ ಹೋಗಿ ಬರುತ್ತಿದ್ದೆ. ಒಮ್ಮೆ ಅವ್ವ ಬಟ್ಟೆ ಒಣಹಾಕುತ್ತ, "ಕ್ಲಚ್ ಹಿಡೀದ ಗೇರ್ ಹಾಕಬ್ಯಾಡ" ಅಂದದ್ದು ನೆನಪಿದೆ. ಇವಳಿಗೆ ಕ್ಲಚ್ ಎನ್ನುವ ಶಬ್ದ ಹೇಗೆ ಗೊತ್ತು ಎಂದು ಆಗ ಅನಿಸಿತ್ತೇ ಹೊರತು ಕೇಳಿರಲಿಲ್ಲ. ಅಜ್ಜ ಅದನ್ನು ಓಡಿಸುತ್ತಿದ್ದರು ಎಂದೇ ನಾನು ತಿಳಿದಿದ್ದೆ.

"ಓಡಸ್ತಿದ್ರು, ಎಮ್ಮಿ ಒದಿಯೂತನಾ," ಎಂದಳು ಅವ್ವ. ಯಾವುದೋ ಹಳ್ಳಿಯಲ್ಲಿ ಎಮ್ಮೆಗೆ ಇಂಜೆಕ್ಷನ್ ಮಾಡುವಾಗ ಅದು ಅಜ್ಜನ ಮೊಣಕಾಲಿಗೆ ಒದ್ದಿತು. ಕಾಲು ಕೂಡಿತು, ಆದರೆ ಕಿಕ್ ಹೊಡೆಯಲು ಬಾರದಂತಾಯಿತು. ಬಸ್ಸು ಹೋಗದ ಹಳ್ಳಿಗಳೇ ಹೆಚ್ಚು. ಮನೆಯಲ್ಲಿ ಗಂಡುಮಕ್ಕಳಿಲ್ಲ. ಅಜ್ಜ ಹಿರಿಯ ಮಗಳನ್ನು ಕರೆದು ಕಿಕ್ ಹೊಡೆ ಅಂದರು. ಮೊದಲು ಬರೀ ಕಿಕ್, ಆಮೇಲೆ ಕ್ಲಚ್, ಆಮೇಲೆ ಊರ ಹೊರಗಿನ ಮೈದಾನದಲ್ಲಿ ಸುತ್ತು. ಎರಡು ತಿಂಗಳಿಗೆ ಅವಳು ಮುಂದೆ, ಔಷಧದ ಪೆಟ್ಟಿಗೆ ಹಿಡಿದ ಅಜ್ಜ ಹಿಂದೆ. ಘಟ್ಟದ ಅಂಚಿನ ಕಣಕುಂಬಿಯವರೆಗೂ ಕರೆದುಕೊಂಡು ಹೋಗಿದ್ದಾಳಂತೆ, ಮಳೆಯಲ್ಲಿ, ಸೀರೆಯ ಮೇಲೆ ಅಜ್ಜನ ರೇನ್‌ಕೋಟು ಹಾಕಿಕೊಂಡು. ಅಲ್ಲಿಯವರು ಮರಾಠಿಯಲ್ಲಿ, ಡಾಕ್ಟರು ಯಾರು, ಮುಂದಿನವರೋ ಹಿಂದಿನವರೋ ಎಂದು ಕೇಳುತ್ತಿದ್ದರಂತೆ. ಅಜ್ಜ ಸರ್ಕಾರಿ ನೌಕರ, ಕಾಯಿದೆಗೆ ಅಂಜುವವರು. ಇನ್‌ಸ್ಪೆಕ್ಟರು ಖಾನಾಪುರಕ್ಕೆ ಕ್ಯಾಂಪ್ ಬಂದ ದಿನ ಮಗಳನ್ನು ಸಾಲಿನಲ್ಲಿ ನಿಲ್ಲಿಸಿ ಲೈಸೆನ್ಸು ಕೊಡಿಸಿದರು.

ಇಷ್ಟನ್ನು ಹೇಳುವಾಗ ಅವ್ವನ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ಮಡಚಿ ಬಿಚ್ಚಿ ಮಾಡುತ್ತಿದ್ದವು. ಕ್ಲಚ್ಚು ಹಿಡಿಯದ ಕೈಗೆ ಆ ಚಾಳಿ ಬರುವುದಿಲ್ಲ. ಮರುದಿನ ನಾನು ರಜೆ ಹಾಕಿ ಅವಳನ್ನೇ ಕರೆದುಕೊಂಡು ಆರ್‌ಟಿಓ ಕಚೇರಿಗೆ ಹೋದೆ, ಬಸ್ಸಿನಲ್ಲಿ.

"ಬರ್ರಿ ಅವ್ವಾರ, ಕುಂದರ್ರಿ," ಎಂದರು ಕನ್ನಡಕದ ಬಾಯಿ. "ಹೆಸರು ಹೇಳ್ರಿ."

"ಕುಸುಮ ಪಾಯಪ್ಪ," ಎಂದಳು ಅವ್ವ.

ನಮ್ಮ ಹಿಂದೆ ಇನ್ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಅವ್ವಾ, ಸುಮತಿ ಅಂತ ಹೇಳು."

"ಸುಮತಿ ಅಂತ ಹುಡಕಿದ್ರ ಹ್ಯಾಂಗ ಸಿಗಬೇಕೋ? ಆವಾಗ ಸುಮತಿ ಹುಟ್ಟೇ ಇರಲಿಲ್ಲ."

ಕನ್ನಡಕದ ಬಾಯಿ ಮೊದಲು ನಕ್ಕರು. ಅವರಿಗೆ ತಕ್ಷಣ ತಿಳಿಯಿತು, ಅವರದೂ ಅದೇ ಕತೆ ಇದ್ದೀತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ, ವರ ಉಂಗುರದಿಂದ ಅದರಲ್ಲಿ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಆ ಹೆಸರಿನವಳು. ಹೆಸರಿನ ಮುಂದಿದ್ದ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಮೂರರಲ್ಲಿ ಒಂದೂ ಉಳಿಯುವುದಿಲ್ಲ. ಈ ಶಾಸ್ತ್ರವನ್ನು ನಾನು ಹತ್ತಾರು ಮದುವೆಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದವನು. ನನ್ನ ಅವ್ವನಿಗೂ ಹಾಗೆ ಆಗಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ತವರಿನಲ್ಲಿ ಇಂದಿಗೂ ಅವಳನ್ನು ಎಲ್ಲರೂ ಬೇಬಿ ಎನ್ನುತ್ತಾರೆ, ಹಾಗಾಗಿ ಕುಸುಮ ಎನ್ನುವುದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಎರಡು ಹೆಸರಿನ ಲೇಖಕರಿಗೆ ಎರಡು ಸೂಚಿಕಾರ್ಡು ಬರೆದು ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಇಪ್ಪತ್ತು ವರ್ಷ ಅದನ್ನೇ ಮಾಡಿ ಸಂಬಳ ತಿಂದವನಿಗೆ ಹೆತ್ತವಳ ಕಾರ್ಡು ಒಂದೇ ಇತ್ತು.

"ಮೊದಲ ಯಾಕ ಹೇಳಲಿಲ್ಲ?" ಎಂದೆ.

"ನೀ ಯಾವ ಹೆಸರಿನಾಗ ಹುಡಕಾಕತ್ತಿ ಅಂತ ನಾ ಏನ ಕನಸ ಕಂಡೇನ?"

ರಜಿಸ್ಟರು ತೆರೆದರೆ ಹಿಂದಿನ ದಿನ ನಾನು ದಾಟಿ ಹೋದ ಹಾಳೆಯಲ್ಲೇ ಕುಸುಮ ಪಾಯಪ್ಪ ಇದ್ದಳು. ಊರು ಖಾನಾಪುರ, ವಯಸ್ಸು ಇಪ್ಪತ್ತು, ಮೋಟರ್ ಸೈಕಲ್. ಫೋಟೋ ಉದುರಿ ಅಂಟಿನ ಕಲೆ ಉಳಿದಿತ್ತು. ಅವ್ವ ಆ ಕಲೆಯ ಮೇಲೆ ಬೆರಳಿಟ್ಟು ನೋಡಿದಳು. ಕನ್ನಡಕದ ಬಾಯಿ ಕೊನೆಯ ಕಾಲಂ ಓದಿದರು. "ಎರಡ ಸಲ ರಿನ್ಯೂ ಆಗೇತಿ ನೋಡ್ರಿ. ಆಗಿನ ಲೈಸೆನ್ಸ್ ಭಾಳ ದಿನಾ ಇರತಿರಲಿಲ್ಲ."

ಎರಡನೆಯ ತಾರೀಖು ನೋಡಿ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಆಗ ಅವ್ವನ ಮದುವೆಯಾಗಿ ಐದು ವರ್ಷ, ನನಗೆ ನಾಲ್ಕು. ಅಜ್ಜ ನೌಕರಿಯಿಂದ ನಿವೃತ್ತರಾಗಿದ್ದರು, ಬೈಕು ಗೋಣಿಚೀಲ ಹೊದ್ದಾಗಿತ್ತು.

"ಅವಾಗ ನೀ ಗಾಡಿ ಎಲ್ಲಿ ಹೊಡೀತಿದ್ದಿ?"

"ಎಲ್ಲೀನೂ ಇಲ್ಲ. ಗೆಳತಿ ಮದುವಿ ಐತಿ ಅಂತ ಹೇಳಿ ಖಾನಾಪುರಕ್ಕ ಹೋಗಿ ಮಾಡಿಸ್ಕೊಂಡ ಬಂದೆ. ನಿನ್ನ ಕಟಗೊಂಡ ಹೋಗಿದ್ದೆ."

"ಹೊಡಿಯೂದ ಇಲ್ಲಂದ್ರ ಯಾಕ ಮಾಡಿಸಿದಿ?"

"ಮುಗೀಬಾರದು ಅಂತ."

ಮೂರನೆಯ ಸಲದ ಹೊತ್ತಿಗೆ ನನ್ನ ತಂಗಿ ಹುಟ್ಟಿದ್ದಳು, ಲೈಸೆನ್ಸಿನ ಪುಸ್ತಕ ಅಜ್ಜನ ಔಷಧದ ಪೆಟ್ಟಿಗೆಯಲ್ಲೇ ಉಳಿದು ಪೆಟ್ಟಿಗೆಯ ಜೊತೆ ಎಲ್ಲಿಗೋ ಹೋಯಿತು.

ಸಿಕ್ಕದ್ದು ಸಿಕ್ಕಿತು, ಆದರೆ ಅದರಿಂದ ಗಾಡಿ ಓಡಿಸುವಂತಿರಲಿಲ್ಲ. ಅಷ್ಟು ಹಳೆಯದನ್ನು ನವೀಕರಿಸಲು ಬರುವುದಿಲ್ಲ, ಹೊಸದಾಗಿ ಕಲಿಕೆಯ ಲೈಸೆನ್ಸು ತೆಗೆದು ಟೆಸ್ಟು ಕೊಡಬೇಕು ಎಂದರು ಬಾಯಿ. ಅವ್ವ ಅಂಜಲಿಲ್ಲ. ಹಳೆಯದೂ ತನ್ನದೇ ಎಂದು ಕಾಗದದಲ್ಲಿ ಇರಲಿ ಎಂದಷ್ಟೇ ಕೇಳಿದಳು. ದಾಖಲೆಯ ಪ್ರತಿ ಕೊಟ್ಟರು. ಅದಕ್ಕೆ ಹೊಂದುವಂತೆ ಕೋರ್ಟಿನ ಮುಂದೆ ಕುಳಿತ ವಕೀಲರ ಹತ್ತಿರ ಒಂದು ಅಫಿಡವಿಟ್ಟು ಮಾಡಿಸಿದೆವು. ಅದರಲ್ಲಿ ಹೀಗಿತ್ತು: ಕುಸುಮ ಪಾಯಪ್ಪ ಹಾಗೂ ಸುಮತಿ ಜಿನ್ನಪ್ಪ ಇವರಿಬ್ಬರೂ ಒಬ್ಬರೇ ಆಗಿರುತ್ತಾರೆ. ಅವ್ವ ಎರಡು ಸಲ ಓದಿ, "ನನಗೂ ಅಷ್ಟ ಖಾತ್ರಿ ಇರಲಿಲ್ಲ, ಚಲೋ ಆತು," ಎನ್ನುತ್ತ ಸಹಿ ಮಾಡಿದಳು.

ಇನ್ನು ಅಪ್ಪ. ದಾಖಲೆಯ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹೆಂಡತಿ ಬೈಕು ಓಡಿಸುತ್ತಿದ್ದಳು ಎನ್ನುವುದಕ್ಕಿಂತ ಎರಡನೆಯ ನವೀಕರಣದ ತಾರೀಖು ಅವರನ್ನು ಹಿಡಿದು ನಿಲ್ಲಿಸಿತು. "ಗೆಳತಿ ಮದುವಿ ಅಂತ ನಾನ ರೈಲ ಹತ್ತಿಸಿ ಬಂದಿದ್ದೆ," ಎಂದರು, ಬಹಳ ಮೆತ್ತಗೆ. ಆಮೇಲೆ ಒಂದು ವಾರ ಆ ಕಾಗದ ಅವರ ಪೇಪರಿನ ಜೊತೆಗೇ ಇತ್ತು. ಓದುವಾಗ ತುಟಿ ಅಲುಗುತ್ತಿತ್ತು. ಅವರಿಗೂ ಅವ್ವನಿಗೂ ಹೆಸರಿನ ವ್ಯವಹಾರವೇ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗ. ಅಕ್ಕಿಯಲ್ಲಿ ಸುಮತಿ ಎಂದು ಬರೆದವರು ಆ ಹೆಸರಿನಿಂದಲೂ ಒಮ್ಮೆ ಕರೆದವರಲ್ಲ. ಹೊರಗಿನಿಂದ ಬಂದರೆ, ಎಲ್ಲಿದ್ದೀ ಎನ್ನುವ ಅರ್ಥದಲ್ಲಿ, "ಎಲ್ಲದೀ?" ಎನ್ನುತ್ತಾರೆ, ಅವ್ವ ಒಳಗಿನಿಂದ "ಇಲ್ಲದೀನ್ರೀ" ಎನ್ನುತ್ತಾಳೆ. ತೀರಾ ಚಿಕ್ಕವನಿದ್ದಾಗ ಅವ್ವನ ಹೆಸರೇ ಎಲ್ಲದಿ ಎಂದು ನಾನು ತಿಳಿದಿದ್ದೆ.

ಟೆಸ್ಟಿನ ದಿನ ಅಪ್ಪ ತಾವೂ ಬರುತ್ತೇನೆಂದರು, ಇಸ್ತ್ರಿಯ ಅಂಗಿ ಹಾಕಿಕೊಂಡು. ಟೆಸ್ಟು ಗೊತ್ತಲ್ಲ, ನೆಲದ ಮೇಲೆ ಎಳೆದ ಎಂಟರ ಆಕಾರದಲ್ಲಿ ಕಾಲು ಊರದೆ ಗಾಡಿ ತಿರುಗಿಸಬೇಕು. ಅದು ಇಂಗ್ಲಿಷ್ ಎಂಟು. ಕನ್ನಡದ ಎಂಟು ಹಾಕಿಸಿದ್ದರೆ ಕೊನೆ ಕೂಡಿಸುವ ತಾಪತ್ರಯವಿರಲಿಲ್ಲ, ಮರಾಠಿ ಎಂಟಾದರೆ ಒಂದೇ ತಿರುವು, ನಮ್ಮೂರಲ್ಲಿ ಎರಡೂ ಚಾಲ್ತಿಯಲ್ಲಿರುವಾಗ ನಾನು ಎರಡು ಸಲ ಮೂರನೆಯದರಲ್ಲಿ ನಪಾಸಾದೆ. ಅವ್ವ ಸಾಲಿನಲ್ಲಿ ನಿಂತಿದ್ದಳು, ಮುಂದೆಯೂ ಹಿಂದೆಯೂ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಯಾರ ಕಡೆಯೂ ನೋಡದೆ ಹೊರಟಳು.

ಮೊದಲ ಸುತ್ತು ಎಷ್ಟು ಸಲೀಸಾಗಿತ್ತೆಂದರೆ ಇನ್‌ಸ್ಪೆಕ್ಟರು ಬರೆಯುವುದನ್ನು ಬಿಟ್ಟು ನೋಡತೊಡಗಿದರು. ಎರಡನೆಯ ಸುತ್ತಿನ ಕೊನೆಯ ತಿರುವು. ಅಷ್ಟರಲ್ಲಿ ಮೈದಾನದ ಅಂಚಿನಲ್ಲಿದ್ದ ಡ್ರೈವಿಂಗ್ ಸ್ಕೂಲಿನ ಕಾರೊಂದು ಹಿಂದಕ್ಕೆ ಸರಿಯಿತು. ಅವ್ವನಿಂದ ದೂರವೇ ಇತ್ತು, ಕೂಡಲೇ ನಿಂತೂ ಬಿಟ್ಟಿತು. ಆದರೆ ಅಪ್ಪನಿಗೆ ಹಾಗೆ ಕಾಣಲಿಲ್ಲ. ಕಟ್ಟೆಯಿಂದ ದಡಕ್ಕನೆ ಎದ್ದರು. ಬಾಯಿ ತೆರೆದರು, ದನಿ ಬರಲಿಲ್ಲ. ಕಣ್ಣೆದುರಿಗೇ ಇರುವವಳನ್ನು ಎಲ್ಲದಿ ಎಂದು ಕೇಳುವುದು ಹೇಗೆ. ಒಂದು ಗಳಿಗೆ ತಡಬಡಿಸಿ ಅವರು ಕೂಗಿದರು.

"ಕುಸುಮಾ."

ಅವ್ವ ತಿರುಗಿ ನೋಡಿದಳು. ಗಾಡಿ ವಾಲಿತು. ಎಡಗಾಲು ನೆಲಕ್ಕೆ ಊರಿತು.

ಇನ್‌ಸ್ಪೆಕ್ಟರಿಗೂ ಬೇಸರವಾಯಿತು. ಆದರೆ ಕಾಲು ಊರಿದ ಮೇಲೆ ಅವರು ತಾನೇ ಏನು ಮಾಡಿಯಾರು. "ಮುಂದಿನ ವಾರ ಬರ್ರಿ ಅವ್ವಾರ, ನಿಮಗೇನ ಕಲಸೂದು ಉಳದಿಲ್ಲ," ಎಂದು ಚೀಟಿ ಬರೆದುಕೊಟ್ಟರು. ಅವ್ವ ಗಾಡಿ ತಳ್ಳಿಕೊಂಡು ನಮ್ಮ ಕಡೆಗೆ ಬಂದಳು. ಮುಖ ಕೆಂಪಾಗಿತ್ತು. ಅಪ್ಪ ನೆಲ ನೋಡುತ್ತ ನಿಂತಿದ್ದರು. ಇಷ್ಟು ವರ್ಷದ ಮೇಲೆ ಕೈಗೆ ಬಂದದ್ದನ್ನು ಒಂದು ಕೂಗಿನಲ್ಲಿ ಕೆಡಿಸಿದೆನಲ್ಲ ಎಂಬುದು ಅವರ ಹೆಗಲಿನಲ್ಲೇ ಕಾಣುತ್ತಿತ್ತು.

"ನಲವತ್ತ ವರ್ಷ ಬಾಯಿ ಮುಚಗೊಂಡ ಇದ್ರಿ," ಎಂದಳು ಅವ್ವ. "ಇನ್ನ ಎರಡ ನಿಮಿಷ ಇರಾಕ ಆಗಲಿಲ್ಲೇನ್ರೀ?"

ಅವ್ವ ಸ್ಟ್ಯಾಂಡು ಹಾಕಿದಳು, ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಹುಡುಗಿಯರ ಸಾಲು ಮುಂದೆ ಸರಿಯಿತು. ಅವಳು ಅಪ್ಪನ ಎದುರಿಗೆ ಬಂದು ನಿಂತಳು.

"ಈಗ ಕರೀರಿ ಬೇಕಾರ. ಈಗ ಎರಡೂ ಕಾಲ ನೆಲದ ಮ್ಯಾಲ ಅದಾವು."

ಅಪ್ಪ ಆಚೀಚೆ ನೋಡಿದರು. ಆಮೇಲೆ ಕರೆದರು.